ಜ್ವರದ ಹುಳುವಿಗೆ ಸೊಪ್ಪು ಹಾಕಿದವಳು

ತಿಪ್ಪಸಂದ್ರ, ಮಾಗಡಿ ತಾಲ್ಲೂಕು
೧೦-೧೧-೨೦೨೫, ಸೋಮವಾರ

ನನ್ನ ಮಗನ ಮಗಳು ಸಿರಿಗೆ,

ಚೆನ್ನಾಗಿದ್ದೀಯಾ? ಕೆಮ್ಮು ಹೋಯಿತೇ? ಹಾಸ್ಟೆಲಿನ ಅನ್ನ ಒಗ್ಗಿತೇ? ತಲೆಗೆ ಎಣ್ಣೆ ಇಡುತ್ತೀಯೋ, ಜೋಳದ ಜುಟ್ಟಿನ ಹಾಗೆ ಬಿಟ್ಟುಕೊಂಡು ಮೈಸೂರೆಲ್ಲ ತಿರುಗುತ್ತೀಯೋ? ಕೇಳಬೇಕಾದ್ದನ್ನು ಕೇಳಿ ಮುಗಿಸಿದೆ. ಪ್ರೀತಿಯ ಸಿರಿ ಎಂದು ಬರೆದಿಲ್ಲ, ನೋಡಿಕೋ. ಅದು ಮರೆತು ಬಿಟ್ಟುಹೋದದ್ದಲ್ಲ. ನಾವು ಇಲ್ಲಿ ಗಟ್ಟಿಯಾಗಿದ್ದೇವೆ. ನಿಮ್ಮಪ್ಪ ದೇವರಾಜು ದಿನಕ್ಕೆ ಮೂರು ಸಲ ನಿನಗೆ ಫೋನು ಮಾಡಿ, ನೀನು ಎತ್ತದೆ ಇದ್ದಾಗ ಬಂದು ನನ್ನ ಮುಖ ನೋಡುತ್ತಾನೆ, ನಾನೇ ನಿನ್ನ ಫೋನನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿರುವ ಹಾಗೆ. ರೇಷ್ಮೆಹುಳು ಇವತ್ತು ಚರ್ಮ ಬಿಡಲು ಮೂರನೇ ಜ್ವರಕ್ಕೆ ಕೂತಿದೆ. ಸೊಪ್ಪು ಹಾಕುವ ಕೆಲಸವಿಲ್ಲ. ಅದಕ್ಕೇ ನಿನಗೆ ಬರೆಯಲು ಪುರುಸೊತ್ತು ಸಿಕ್ಕಿತು. ಕಾಲೇಜಿಗೆಂದು ನೀನು ತೆಗೆದ ಸಿನಿಮಾದಲ್ಲಿ ನನ್ನ ಕೈಯನ್ನು ದೊಡ್ಡದಾಗಿ ತೋರಿಸಿ, ಹಿಂದಿನಿಂದ ನಿನ್ನ ದನಿಯಲ್ಲಿ ‘ಅಕ್ಷರ ಕಾಣದ ಕೈ’ ಅಂದೆಯಲ್ಲ. ಆ ಕೈಯೇ ಇದನ್ನು ಬರೆಯುತ್ತಿದೆ. ಮೂರನೇ ಕ್ಲಾಸಿನವರೆಗೆ ಹೋಗಿದ್ದೇನೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ದೀಪಾವಳಿಯಾದ ಮೇಲಿನ ಭಾನುವಾರ ನೀನು ಮಾಡಿ ಹೋದದ್ದಕ್ಕೆ ನಿನ್ನೆಗೆ ಹದಿನೈದು ದಿನ. ಅವತ್ತು ನಡೆದದ್ದನ್ನು ನಿನ್ನ ಗೆಳತಿಯರಿಗೆ ನೀನು ಬೇರೆ ಥರ ಹೇಳಿರುತ್ತೀಯ. ಈಗ ನಾನು ಹೇಳುತ್ತೇನೆ, ಕೂತು ಓದು. ಸಿನಿಮಾವನ್ನು ಯಾರ ಮೇಲೆ ತೆಗೆದಿದ್ದೀಯೋ ಅವರಿಗೇ ಮೊದಲು ತೋರಿಸು, ಅವರು ಹೇಳಿದ್ದನ್ನು ಬರೆಸಿಕೊಂಡು ಬಾ, ಆಮೇಲೆ ತಿದ್ದು ಎಂದು ನಿಮ್ಮ ಮೇಷ್ಟ್ರು ಹೇಳಿ ಕಳಿಸಿದ್ದರು. ಒಳ್ಳೆಯ ಮೇಷ್ಟ್ರು. ಬೆಳೆ ಎತ್ತಿ, ತಟ್ಟೆ ತೊಳೆದು, ಸುಣ್ಣ ಹೊಡೆದು ಖಾಲಿ ಬಿಟ್ಟಿದ್ದ ನಮ್ಮ ಹುಳುಮನೆಗೆ ಕಿಟಕಿಗೆಲ್ಲ ಗೋಣಿ ಕಟ್ಟಿಸಿ, ಮಟಮಟ ಮಧ್ಯಾಹ್ನವನ್ನೇ ಕತ್ತಲೆ ಮಾಡಿದೆ. ಊರಿನವರು ಮೂವತ್ತು ಜನ ಬಂದು ಚಾಪೆಯ ಮೇಲೆ ಕೂತರು. ರಾಮನಗರದಿಂದ, ನಮ್ಮ ಗೂಡು ಕೊಂಡು ನೂಲು ತೆಗೆಯುವ ಬದ್ರುನ್ನೀಸಾ ಎರಡು ಬಸ್ಸು ಬದಲಾಯಿಸಿ, ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಂದಳು. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟೆ. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಏನು ಅರ್ಥವಾಗಲಿಲ್ಲ, ಮನಸ್ಸಿನಲ್ಲಿದ್ದದ್ದನ್ನೇ ಬರೆಯಿರಿ, ಹೆಸರು ಬೇಡ, ನನಗೆ ಬೇಜಾರಿಲ್ಲ ಎಂದು ಭಾಷಣ ಮಾಡಿದೆ. ನನಗೊಬ್ಬಳಿಗೆ ಚೀಟಿ ಕೊಡಲಿಲ್ಲ. ಅಕ್ಷರ ಕಾಣದವಳಿಗೆ ಚೀಟಿ ಯಾತಕ್ಕೆ.

ಸಿನಿಮಾ ಶುರುವಾಯಿತು. ನಾನೇ ಇದ್ದೇನೆ, ಗೋಡೆಯ ಮೇಲೆ, ಹುಳುಮನೆಯ ಬಾಗಿಲಿನಷ್ಟು ದೊಡ್ಡ ಮುಖ. ಮಕ್ಕಳ ಹಾಗೆ ಸಾಕಿದ ಹುಳುಗಳು ನಾಳೆ ಬಿಸಿನೀರಿಗೆ ಹೋಗುತ್ತವಲ್ಲ ಎಂದು ಮುದುಕಿ ಅಳುತ್ತಾಳೆ, ಅಳುತ್ತಾ ಅವಕ್ಕೆ ಕೊನೆಯ ಊಟ ಬಡಿಸುತ್ತಾಳೆ. ಇದು ನಿನ್ನ ಕತೆ. ಸೊಪ್ಪು ಚೆಲ್ಲುವಾಗ ತಟ್ಟೆ ಕಂಡಿತು. ತಟ್ಟೆಯಲ್ಲಿ ಹುಳುಗಳು ತಲೆ ಮೇಲೆತ್ತಿಕೊಂಡು ಕಲ್ಲಿನ ಹಾಗೆ ಕೂತಿವೆ. ಜ್ವರದಲ್ಲಿವೆ. ಚರ್ಮ ಬಿಡುವ ಹೊತ್ತು, ಅವು ಬಾಯಿ ತೆರೆಯುವುದಿಲ್ಲ, ಮುಟ್ಟಿದರೆ ಕೆಡುತ್ತವೆ. ಆ ಹೊತ್ತಿನಲ್ಲಿ ಈ ಮಹಾತಾಯಿ ಕಂತೆಗಟ್ಟಲೆ ಸೊಪ್ಪು ಸುರಿಯುತ್ತಿದ್ದಾಳೆ. ಅಲ್ಲಿ ಕೂತಿದ್ದವರೆಲ್ಲ ಹುಳು ಸಾಕಿಯೇ ಮನೆ ನಡೆಸುವವರು. ಬೈರಪ್ಪ ಹಿಂದಿನಿಂದ ಅಂದ, “ನೋಡ್ಲಾ, ಚಿಕ್ಕಲಕ್ಷ್ಮಮ್ಮ ಜ್ವರಕ್ಕೆ ಕುಂತ ಹುಳೀಗೆ ಸೊಪ್ಪಾಕ್ತಾವ್ಳೆ. ಕಣ್ಣು ಹೋದೋ, ಬುದ್ಧಿ ಹೋಯ್ತೋ.” ಇಡೀ ಹುಳುಮನೆ ನಕ್ಕಿತು. ನಲವತ್ತೆಂಟು ವರ್ಷ ಹುಳು ಮೇಯಿಸಿದ್ದೇನೆ. ಹುಳು ಏಳದಿದ್ದರೆ ಕೇಳಲು ಜನ ನನ್ನ ಬಾಗಿಲಿಗೆ ಬರುತ್ತಿದ್ದರು. ಅವರ ನಗುವಿನ ಮಧ್ಯೆ ನಾನು ಕೂತಿದ್ದೆ. ಗೋಡೆಯ ಮೇಲೆ ಇನ್ನೊಬ್ಬಳು ನಾನು ಅಳುತ್ತಲೇ ಇದ್ದಳು.

ಆ ಸೊಪ್ಪನ್ನು ಯಾಕೆ ಹಾಕಿದೆ ಎಂದು ನಿನಗೆ ಗೊತ್ತಿದೆ. ದಸರಾ ರಜೆಯಲ್ಲಿ ಕ್ಯಾಮರಾ ಹೊತ್ತ ಹುಡುಗರನ್ನು ಕರೆದುಕೊಂಡು ನೀನು ಬಂದ ದಿನವೇ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಇವತ್ತು ಬೇಡ, ನಾಳೆ ಹುಳು ಎದ್ದ ಮೇಲೆ ಹಾಕುತ್ತೇನೆ ಅಂದೆ ನಾನು. ಕ್ಯಾಮರಾ ಬಾಡಿಗೆಗೆ ತಂದದ್ದು, ಸಾಯಂಕಾಲ ವಾಪಸು ಕೊಡಬೇಕು ಅಂದೆ ನೀನು. ನನ್ನ ಗಲ್ಲ ಹಿಡಿದುಕೊಂಡು ಅಂದದ್ದೂ ನೆನಪಿರಬೇಕು: “ಅಜ್ಜಿ, ಒಸಿ ಹಾಕು, ನೋಡೋರಿಗೆ ಏನ್ ಗೊತ್ತಾಗ್ತದೆ.” ಆಮೇಲೆ ನೀರು ಬರಲೆಂದು ನನ್ನ ಕಣ್ಣಿಗೆ ಅದೇನೋ ಉರಿಯುವ ಔಷಧ ಹಚ್ಚಿದೆ. ಒಂದು ಪಕ್ಕದ ತಟ್ಟೆಗಳ ಹುಳುಗಳೆಲ್ಲ ಜ್ವರದಿಂದ ಹಿಂದುಮುಂದಾಗಿ ಎದ್ದವು, ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟಾಗ ಇನ್ನರ್ಧ ಮೇಯುತ್ತಿದ್ದವು. ನಿಮ್ಮಪ್ಪ ಕೇಳಿದ್ದಕ್ಕೆ ತಪ್ಪನ್ನು ಚಳಿಯ ಮೇಲೆ ಹಾಕಿದೆ, ನಿನ್ನ ಹೆಸರು ಎತ್ತಲಿಲ್ಲ.

ಸಿನಿಮಾ ಮುಗಿದ ಮೇಲೆ ಗೋಣಿ ತೆಗೆಸಿ ಚೀಟಿ ಕೂಡಿಸಿಕೊಂಡೆಯಲ್ಲ, ಚೀಟಿ ಬರೆಯದವರು ಬಾಯಲ್ಲೇ ಹೇಳಿ ಅಂದೆಯಲ್ಲ. ಬದ್ರುನ್ನೀಸಾ ಬಾಯಲ್ಲಿ ಹೇಳಿದಳು. ಅವಳು ಮೆತ್ತಗೆ ಹೇಳಿದಳು, ಅವಳ ರೀತಿಯೇ ಅದು. “ಸಿರಿ ಬೇಟಾ, ಗೂಡು ಬೇಯಿಸ್ದೆ ನೂಲು ಬರಲ್ಲಮ್ಮ. ನಮ್ಮನೇಲಿ ಹಬೆ ಇರ್ತದೆ, ನೀನು ಅದನ್ನೇ ತೆಗ್ದುಬಿಟ್ಟಿದೀಯ.” ತಪ್ಪೇನಿದೆ? ಕ್ಯಾಮರಾದ ಗಾಜಿಗೆ ಹಬೆ ಹಿಡಿಯುತ್ತದೆ ಎಂದು ಅವಳ ಮನೆಯ ಒಲೆ ಆರಿಸಿ, ತಣ್ಣೀರಿನಲ್ಲಿ ಗೂಡು ತೇಲಿಸಿ, ಅವಳ ಕೈಯಲ್ಲಿ ಸುಮ್ಮನೆ ನೂಲು ಎಳೆದ ಹಾಗೆ ಆಡಿಸಿದವಳು ನೀನು. ಮೂವತ್ತು ವರ್ಷದಿಂದ ನಾವು ಬೆಳೆದ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಹಿಡಿದು ನೋಡಿ ಕೊಳ್ಳುತ್ತಿರುವ ಹೆಂಗಸು ಅವಳು. ಚಿಕ್ಕಂದಿನಲ್ಲಿ ನೀನು ಬದ್ರಜ್ಜಿ ಬದ್ರಜ್ಜಿ ಎಂದು ಅವಳ ಮಡಿಲಲ್ಲೇ ನಿದ್ದೆ ಮಾಡುತ್ತಿದ್ದೆ. ಅವಳು ಹೇಳಿದ ಕೂಡಲೇ ನಿನ್ನ ಮೂಗು ಕೆಂಪಾಯಿತು.

ಆಮೇಲೆ ಚೀಟಿಗಳನ್ನು ಒಂದೊಂದೇ ಗಟ್ಟಿಯಾಗಿ ಓದಲು ಹೊರಟೆ. ಅಜ್ಜಿ ಚೆನ್ನಾಗಿ ಕಾಣುತ್ತಾಳೆ ಎಂದು ಒಬ್ಬರು. ನಮ್ಮ ಮನೆ ಯಾಕೆ ತೋರಿಸಲಿಲ್ಲ ಎಂದು ಒಬ್ಬರು. ಪಾತ್ರೆ ಬಡಿಯುವ ಸಂಗೀತ ಯಾತಕ್ಕೆ ಎಂದು ಒಬ್ಬರು. ಹಿಡಿಸಿದೆ ಅಂದದ್ದಕ್ಕೆಲ್ಲ ಹಲ್ಲು ಬಿಟ್ಟೆ, ಹಿಡಿಸಲಿಲ್ಲ ಅಂದದ್ದನ್ನು ಅರ್ಧಕ್ಕೇ ನುಂಗಿ ಕೆಳಗೆ ಹಾಕಿದೆ. ಕೊನೆಗೆ ಆ ಹಸಿರು ಶಾಯಿಯ ಚೀಟಿ ಬಂತು. ಅಕ್ಷರ ಸೊಟ್ಟಸೊಟ್ಟ. ‘ಇದರಲ್ಲಿರುವ ಮುದುಕಿ ಸುಳ್ಳಿ. ಇವಳು ಹುಳುವಿಗೆ ಯಾವತ್ತೂ ಅತ್ತವಳಲ್ಲ.’ ನೀನು ತಲೆಯೆತ್ತಿ ನೋಡಿದೆ. ಬದ್ರುನ್ನೀಸಾಳ ಮಡಿಲಲ್ಲಿ ಹಸಿರು ಪೆನ್ನಿತ್ತು, ಅವಳು ಮಾರ್ಕೆಟ್ಟಿನಲ್ಲಿ ಗುರುತು ಹಾಕುವ ಪೆನ್ನು. ಅಷ್ಟೇ ಸಾಕಾಯಿತು ನಿನಗೆ. ಮೂವತ್ತು ಜನರ ಮುಂದೆ ಅಂದೆ, “ಕನ್ನಡ ನೆಟ್ಟಗೆ ಬರೆಯಕ್ಕೆ ಬರದೋರೆಲ್ಲ ನಮ್ಮಜ್ಜೀನ ಸುಳ್ಳಿ ಅನ್ನೋ ಹಂಗಾಯ್ತು.” ಅವಳು ಪೆನ್ನನ್ನು ಚಾಪೆಯ ಮೇಲೆ ಇಟ್ಟಳು, ಎದ್ದಳು, ಚಪ್ಪಲಿ ಮೆಟ್ಟಿಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ಬಿಸ್ಕತ್ತಿನ ಪೊಟ್ಟಣ ಬಿಚ್ಚಿರಲಿಲ್ಲ. ನೀನೂ ಊಟ ಬಿಟ್ಟು, ಆ ಒಂದು ಚೀಟಿಯನ್ನು ಮಡಿಸಿ ಮೊಬೈಲಿನ ಕವರಿನೊಳಗೆ ತೂರಿಸಿಕೊಂಡು ಹೊರಟೆ. ಉಳಿದವನ್ನು ತುಳಿದುಕೊಂಡು ಹೋದೆ.

ಅವಳು ಅವತ್ತಿನಿಂದ ಫೋನು ಮಾಡಿಲ್ಲ. ಹೋದ ವಾರ ನಿಮ್ಮಪ್ಪ ರಾಮನಗರಕ್ಕೆ ಹೋದಾಗ ಅವಳ ಮಗ ಸಮೀವುಲ್ಲಾ ಟೀ ಕುಡಿಸಿದನಂತೆ, ಮನೆಗೆ ಬನ್ನಿ ಎಂದು ಕರೆಯಲಿಲ್ಲವಂತೆ. ಮೂವತ್ತು ವರ್ಷದಲ್ಲಿ ಅದು ಮೊದಲ ಸಲ. ನಾನು ಈ ಕಾಗದ ಬರೆಯಲು ಕೂತದ್ದು ಅದಕ್ಕೆ, ನಿನ್ನ ಸಿನಿಮಾಕ್ಕಲ್ಲ. ನಿನ್ನ ಗೆಳತಿ ರಮ್ಯಾ ನಿಮ್ಮಪ್ಪನಿಗೆ ಹೇಳಿದಳಂತೆ, ಹಳ್ಳಿಯವರಿಗೆ ಸಿನಿಮಾ ನೋಡಲು ಬರುವುದಿಲ್ಲ, ಈ ತಿಂಗಳ ಕೊನೆಗೆ ಹಾಗೇ ಕೊಟ್ಟುಬಿಡುತ್ತೇನೆ ಎಂದು ನೀನು ಅನ್ನುತ್ತಿದ್ದೀಯಂತೆ. ಕೊಡು. ಮೇಷ್ಟ್ರು ನಂಬರು ಹಾಕುತ್ತಾರೆ, ಮೈಸೂರಿನವರು ಕಣ್ಣೊರೆಸಿಕೊಳ್ಳುತ್ತಾರೆ. ಈ ಊರಿನಲ್ಲಿ ಮಾತ್ರ ನಿನ್ನ ಅಜ್ಜಿ ಸಾಯುವವರೆಗೂ ಜ್ವರದ ಹುಳುವಿಗೆ ಸೊಪ್ಪು ಹಾಕಿದವಳು.

ನಾನು ಕಬ್ಬಾಳಿನಿಂದ ಈ ಮನೆಗೆ ಬಂದ ಮೊದಲ ವರ್ಷ ಇಬ್ಬನಿ ಆರದ ಸೊಪ್ಪು ಹಾಕಿ ಒಂದಿಡೀ ಬೆಳೆ ಕೊಳೆಸಿದೆ. ನಮ್ಮತ್ತೆ ಬೈದಳು. ನನಗೆ ಹೇಳುವವಳು ನೀನ್ಯಾರು ಎಂದು ತವರಿಗೆ ಹೋಗಿ ಎಂಟು ದಿನ ಗೋಡೆಗೆ ಮುಖ ಮಾಡಿಕೊಂಡು ಕೂತೆ. ಯಾರೂ ಕರೆಯಲು ಬರಲಿಲ್ಲ. ಒಂಬತ್ತನೇ ದಿನ ನಾನೇ ಬಂದೆ. ಅತ್ತೆ ನನ್ನ ಕೈಗೆ ಒಂದು ಒಣಬಟ್ಟೆ ಕೊಟ್ಟು ಸೊಪ್ಪಿನ ರಾಶಿ ತೋರಿಸಿದಳು. ಒಂದೊಂದೇ ಎಲೆ ಒರೆಸಿದೆ. ಹುಳು ಸೊಪ್ಪು ಮುಟ್ಟದಿದ್ದರೆ ನಾವು ಯಾವತ್ತೂ ಹುಳುವಿಗೆ ಬೈದಿಲ್ಲ ಸಿರಿ, ಬಗ್ಗಿ ಸೊಪ್ಪನ್ನು ಮೂಸಿ ನೋಡುತ್ತೇವೆ. ನಿನಗೆ ಮೂವತ್ತು ಜನ ಪುಕ್ಕಟೆ ಹೇಳಿದರು. ನೀನು ಮೂಸಲೂ ಇಲ್ಲ.

ನೀನು ತುಳಿದು ಹೋದ ಚೀಟಿಗಳನ್ನೆಲ್ಲ ಆರಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡೆರಡು ಸಲ ಓದಿದೆ. ಹದಿನಾರು ಜನ ಒಂದೇ ಮಾತು ಬರೆದಿದ್ದಾರೆ, ಜ್ವರದ ಹುಳು. ಮಾತಿನ ಧಾಟಿಯಲ್ಲೇ ಬೈರಪ್ಪನದೆಂದು ಗೊತ್ತಾದ ಚೀಟಿಯಲ್ಲಿ ಇನ್ನೂ ಒಂದು ಮಾತಿದೆ: ಈಯಮ್ಮ ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಬ್ಬಳೇ ನಗುತ್ತಾಳೆ, ಅದನ್ನು ತೆಗೀಬೇಕಿತ್ತು. ಆ ಬಾಯಿಬಡುಕ ಅದನ್ನು ಯಾವಾಗ ನೋಡಿದನೋ. ಒಳಗಿನ ಹುಳು ಗಟ್ಟಿಯಾಗಿ ಲಟಲಟ ಅಂದರೆ ನಾನು ನಗುತ್ತೇನೆ, ನಿಜ. ಮಾರಿದ ದಿನ ಸಂತೋಷವಾಗಿ ಎರಡು ತುತ್ತು ಹೆಚ್ಚು ಉಣ್ಣುತ್ತೇನೆ. ನಿನ್ನ ಸಿನಿಮಾಕ್ಕೆ ಅಳುವ ಮುದುಕಿ ಬೇಕಾದರೆ ಬೇರೆ ಮನೆಯ ಮುದುಕಿಯನ್ನು ಹುಡುಕು.

ಈ ಹುಳು ಶನಿವಾರ ಸಾಯಂಕಾಲ ನಾಲ್ಕನೇ ಜ್ವರಕ್ಕೆ ಕೂರುತ್ತದೆ, ಭಾನುವಾರ ಪೂರ್ತಿ ಇರುತ್ತದೆ. ಬರುವುದಾದರೆ ಅವತ್ತು ಬಾ. ತಟ್ಟೆ ಮುಟ್ಟದೆ ಸುಮ್ಮನೆ ಕೂತ ನನ್ನನ್ನು ಕ್ಯಾಮರಾದಲ್ಲಿ ತೆಗೆದುಕೋ. ಬರುವ ಮೊದಲು ಬದ್ರುನ್ನೀಸಾಳ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಅನ್ನು. ಅನ್ನದೆ ಬಂದರೆ ಹುಳುಮನೆಯ ಬಾಗಿಲಿಗೆ ನಾನೇ ಅಡ್ಡ ಕೂರುತ್ತೇನೆ.

ನಿಮ್ಮಪ್ಪ ಅಮ್ಮ ನಿನ್ನನ್ನು ಕೇಳಿದರೆಂದು ತಿಳಿಸಿದ್ದೇನೆ. ನನ್ನ ಆಶೀರ್ವಾದ ಇದ್ದೇ ಇದೆ, ಅದನ್ನು ಕಿತ್ತುಕೊಳ್ಳಲು ನನಗೇ ಬರುವುದಿಲ್ಲ.

ನಿನ್ನ ಅಪ್ಪನನ್ನು ಹೆತ್ತವಳು,
ಚಿಕ್ಕಲಕ್ಷ್ಮಮ್ಮ

ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಪೋಸ್ಟಿಗೆ ಕೊಡಲು ನಿಮ್ಮಪ್ಪ ಗಾಡಿ ಶುರು ಮಾಡಿಕೊಂಡು ನಿಂತಿದ್ದಾನೆ. ಈ ಕಾಗದದ ಶಾಯಿ ಹಸಿರು ಎಂದು ಮೊದಲ ಸಾಲಿನಲ್ಲೇ ಕಂಡಿರಬೇಕು. ಮೊಬೈಲಿನ ಕವರಿನಿಂದ ಆ ಚೀಟಿ ತೆಗೆದು ಇದರ ಪಕ್ಕ ಇಟ್ಟು ನೋಡು. ಅದೇ ಸೊಟ್ಟ ಕೈ. ಬದ್ರುನ್ನೀಸಾ ತನ್ನ ಚೀಟಿಯನ್ನೂ ಪೆನ್ನನ್ನೂ ನನಗೆ ಕೊಟ್ಟಿದ್ದಳು, ‘ನಿನಗೆ ಚೀಟಿ ಕೊಡಲಿಲ್ಲವಲ್ಲ, ನೀನೂ ಬರಿ’ ಎಂದು. ಜನ ನಕ್ಕದ್ದು ತಡೆಯಲಾಗದೆ ನನ್ನನ್ನು ನಾನೇ ಬರೆದುಕೊಂಡೆ. ನೀನು ಅವಳನ್ನು ಅಂದಾಗ ಅವಳು ನನ್ನ ಮುಖ ನೋಡಿದಳು. ನಾನು ಚಾಪೆ ನೋಡಿದೆ. ಮೇಲೆ ಹೇಳಿದ್ದನ್ನು ತಿದ್ದಿಕೋ: ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ನಾನೇ ರಾಮನಗರಕ್ಕೆ ಹೋಗುತ್ತೇನೆ, ಈ ಪೆನ್ನು ಅವಳಿಗೆ ವಾಪಸು ಕೊಡಬೇಕು. ಅವಳ ಬಾಗಿಲಲ್ಲಿ ಮೊದಲು ಬಾಯಿ ಬಿಡಬೇಕಾದವಳು ನಾನು. ನೀನು ಮೈಸೂರಿನಿಂದ ಅಲ್ಲಿಗೇ ಬಂದು ನನ್ನ ಪಕ್ಕ ನಿಂತುಕೋ. ನನಗೆ ಒಬ್ಬಳೇ ಹೋಗಲು ಮುಖವಿಲ್ಲ.