ಅಪ್ಪನ ಬೆಳಗಿನ ವಾಕಿಂಗು

ಶಗ್ವಾನಸ್, ಟ್ರಿನಿಡಾಡ್

ಅಮ್ಮಾ,

ಸಕ್ಕರೆ ಕಾಯಿಲೆ ಹೆಚ್ಚಿದೆಯೆಂದು ಡಾಕ್ಟರು ಹೆದರಿಸಿದ ಮೇಲೆ ಅಪ್ಪ ದಿನಾ ಬೆಳಿಗ್ಗೆ ವಾಕಿಂಗ್ ಹೊರಡುತ್ತಾರೆ. ತಿಂಗಳಾದರೂ ಅಂಗಿಯಲ್ಲಿ ಬೆವರಿಲ್ಲ, ಜೀರಿಗೆಯ ವಾಸನೆ ಮಾತ್ರ ಇದೆ. ಅನುಮಾನ ಬಂದು ಇವತ್ತು ಹಿಂದೆಯೇ ಹೋದೆ. ಮಾರುಕಟ್ಟೆಯ ಮೂಲೆಯಲ್ಲಿ, ಬುಧ್ರಾಮನ ತಿಂಡಿ ಗಾಡಿಯ ಪಕ್ಕ ಕೂತು, ಕಡಲೆ ತುಂಬಿದ ಕರಿದ ರೊಟ್ಟಿ ತಿನ್ನುತ್ತಿದ್ದರು.

“ಇದೇನಾ ಅಪ್ಪಾ ನಿಮ್ಮ ವಾಕಿಂಗು?”

“ಇಲ್ಲೀವರೆಗೂ ನಡ್ಕೊಂಡೇ ಬಂದೆನಲ್ಲ!” ಎಂದು ಬುಧ್ರಾಮನತ್ತ ಕಣ್ಣು ಮಿಟುಕಿಸಿದರು.

ನಾನು ಅವರ ಕೈಯಿಂದ ರೊಟ್ಟಿಯ ಪೊಟ್ಟಣ ಕಸಿದುಕೊಂಡೆ. ಅವರ ನಗು ನಿಂತಿತು.

“ದುಲಾರಿ, ನಿಮ್ಮಮ್ಮ ಆಸ್ಪತ್ರೇಲಿ ಇದನ್ನೇ ಕೇಳಿದ್ಲು. ನಾನು ತಂದಿದ್ದನ್ನ ನೀನು ನನ್ನ ಜೇಬು ತಡಕಿ ಕಿತ್ಕೊಂಡೆ. ಉಳಿದ್ಲಾ?”

ನಾನು ಪೊಟ್ಟಣ ವಾಪಸು ಕೊಟ್ಟೆ.

“ನಿಂಗೆ ಖಾರ ಎಷ್ಟು ಹಾಕ್ಲಿ, ಅಕ್ಕಾ?” ಎಂದ ಬುಧ್ರಾಮ.

“ಸ್ವಲ್ಪ” ಎಂದು ಅಪ್ಪನ ಪಕ್ಕ ಕುಳಿತೆ.

ತುಂಬಾ ರುಚಿಯಾಗಿತ್ತಮ್ಮಾ.