ಉಸಿರಿಗೆ ಮೂಡುವ ನಂಬರು

ಚಾಮರಾಜಪೇಟೆ, ಬೆಂಗಳೂರು
13 ಅಕ್ಟೋಬರ್ 2025, ಸೋಮವಾರ

ಯಜಮಾನರಿಗೆ ರುದ್ರಾಣಿಯ ಶರಣು. ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೂ ಶರಣು.

ಆರೋಗ್ಯವಾಗಿದ್ದೀರಾ? ಶುಗರ್ ಮಾತ್ರೆ ಇಲ್ಲೇ ಬೀರುವಿನ ಮೇಲಿದೆ. ತಿಪಟೂರಿನಲ್ಲಿ ಬೇರೆ ಕೊಂಡುಕೊಂಡಿರಿ ತಾನೇ? ನಿಮ್ಮ ತಂಗಿ ಶಿವಕುಮಾರಿಯ ಸೊಂಟ ನೋವು ಹೇಗಿದೆ? ಪಾಪ, ಅವಳಿಗೆ ಅದರ ಮೇಲೆ ನಿಮ್ಮ ಮುನಿಸು ಬೇರೆ. ಫೋನ್ ಸ್ವಿಚ್ ಆಫ್ ಮಾಡಿಕೊಂಡು ಕೂತ ಗಂಡನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಅಕ್ಷರ ಯಾಕಿಷ್ಟು ದಪ್ಪ ಎಂದು ಕೇಳಬೇಡಿ. ಮೊಮ್ಮಗಳು ಶರಣ್ಯಳ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಆಯುಧಪೂಜೆಯ ದಿನ ನಾನು ಮಾಡಿದ ಮಹಾಪರಾಧವಾದರೂ ಏನು? ಪ್ರತಿ ವರ್ಷ ರೇಡಿಯೋ ವಾಲ್ವುಗಳ, ಆ ಗಾಜಿನ ಬುರುಡೆಗಳ, ಟ್ರಂಕನ್ನು ಯಾರಿಗೂ ಮುಟ್ಟಗೊಡದವರು, ಈ ವರ್ಷ "ನೀನೇ ಒರೆಸಿಟ್ಬಿಡು, ನಾನು ಹೂ ತರ್ತೀನಿ" ಎಂದು ಗಾಂಧಿ ಬಜಾರಿಗೆ ಹೊರಟಿರಿ. ನಾನು ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು ಸಾಲಾಗಿ ಜೋಡಿಸಿದೆ. ಆ ಹಳೆಯ ಗಾಜಿನ ಮೇಲಿನ ನಂಬರು ಹಣೆಯ ವಿಭೂತಿಯ ಹಾಗೆ ಒರೆಸಿದರೆ ಹೋಗುತ್ತದೆ ಎಂದು ನೀವು ಒಂದು ದಿನವಾದರೂ ಹೇಳಿದ್ದಿರಾ? ಬಂದವರೇ, ಆಂಪ್ಲಿಫೈಯರ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದ ಬಸವನಗುಡಿಯ ನಂದೀಶನ ಎದುರಿಗೇ ಕೂಗಾಡಿದಿರಿ. "ಎಲ್ಲಾ ಅಳಿಸಿ ಹಾಕಿದ್ಲು ಕಣ್ರಿ. ಇನ್ನು ಯಾವ್ದು ಯಾವ್ದೋ ಆ ಶಿವನಿಗೇ ಗೊತ್ತು. ಅಂಗಡಿ ಮುಗೀತು." ಅಷ್ಟೇ. ಬ್ಯಾಗು ಹಿಡಿದು ಮೆಜೆಸ್ಟಿಕ್ಕಿಗೆ ಹೊರಟೇಬಿಟ್ಟಿರಿ. ಹೊಸಿಲು ತೊಳೆಯಲು ಹೋದರೆ ಪಕ್ಕದ ಟೈಲರ್ ಶ್ರೀಹರಿ ಇವತ್ತಿಗೂ ಕೇಳುತ್ತಾನೆ, ಏನು ಹಾಳು ಮಾಡಿದಿರಿ ಆಂಟಿ ಅಂತ. ನನ್ನ ಮಾನ ಹೋಗಿದ್ದು ನಿಮ್ಮ ಲೆಕ್ಕಕ್ಕೇ ಇಲ್ಲ.

ಅಳುತ್ತಾ ಕೂತಿರುತ್ತಾಳೆ ಎಂದುಕೊಂಡಿದ್ದರೆ ಆ ಆಸೆ ಬಿಡಿ. ನಂಬರು ಮಾಸಿದ ವಾಲ್ವ್ ಯಾರಾದರೂ ತಂದರೆ ನೀವು ಅದನ್ನು ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟು, ಕಿಟಕಿಯ ಬೆಳಕಿಗೆ ಓರೆ ಮಾಡುತ್ತಿದ್ದಿರಲ್ಲ, ಆ ಮಂಜಿನಲ್ಲಿ ಅಳಿದ ನಂಬರು ಒಂದು ಗಳಿಗೆ ಎದ್ದು ಮಾಯವಾಗುತ್ತಿತ್ತು. ಆಗ ನಗುತ್ತಿದ್ದವಳು ಈಗ ನಾನೇ ಕಿಟಕಿ ಪಕ್ಕ ಕೂತು ಹಾ ಹಾ ಎಂದೆ. ಸೊಪ್ಪಿನ ಮುನಿಯಕ್ಕ ನೋಡಿ, ಗಾಜಿಗೆ ಮಂತ್ರ ಹಾಕ್ತಿದೀಯೇನಮ್ಮ ಎಂದಳು. ಹಟ ಮಾಡಿದವನ್ನು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಹೊರಗೆ ತೆಗೆದೊಡನೆ ಬೆವರಿ ನಂಬರು ಕೊಟ್ಟವು. ಅದಕ್ಕೂ ಬಗ್ಗದವನ್ನು ಗೊತ್ತಿರುವ ವಾಲ್ವಿನ ಪಕ್ಕ ಹಿಡಿದು, ಕಾಲಿನ ಕಡ್ಡಿ ಎಣಿಸಿ, ಒಳಗಿನ ತಗಡು ಹೋಲಿಸಿ ಬೇರೆ ಮಾಡಿದೆ. ಒಂದೊಂದಕ್ಕೂ ಪ್ಲಾಸ್ಟರ್ ಅಂಟಿಸಿ ದಪ್ಪಗೆ ನಂಬರು ಬರೆದಿದ್ದೇನೆ. ಕೆಲವಕ್ಕೆ ಮಾತ್ರ ಬಾಯಿ ಬರಲಿಲ್ಲ, ಅವು ಬೇರೆ ಡಬ್ಬದಲ್ಲಿವೆ. ಹೇಳಿ ಈಗ, ಯಾರ ಅಂಗಡಿ ಮುಗಿಯಿತು?

ಶಿವಕುಮಾರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿಮಗೆ ಸದ್ಯಕ್ಕೆ ಏನೂ ಇಲ್ಲ.

ಇಂತಿ,
ಒದ್ದೆ ಬಟ್ಟೆಯವಳು,
ರುದ್ರಾಣಿ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಪೂಜೆಗೆ ಮುಂಚೆಯೇ, ನಂಬರುಗಳು ಇನ್ನೂ ಗಾಜಿನ ಮೇಲಿದ್ದಾಗಲೇ, ನಂದೀಶನಿಗೆಂದು ನೀವು ಒಂದೇ ನಂಬರಿನವು ಎಂದು ಎರಡು ವಾಲ್ವ್ ಆರಿಸಿ ಕೆಂಪು ದಾರ ಕಟ್ಟಿಟ್ಟಿದ್ದಿರಿ. ನಾನು ದಾರ ಬಿಚ್ಚದೆಯೇ ಒರೆಸಿದ್ದೆ. ನಿನ್ನೆ ಉಸಿರು ಬಿಟ್ಟು ನೋಡಿದರೆ ಒಂದರಲ್ಲಿ ಎಂಬತ್ತೆರಡು, ಇನ್ನೊಂದರಲ್ಲಿ ಎಂಬತ್ತಮೂರು. ನಿಮಗೆ ಕಣ್ಣು ಕಾಣುತ್ತಿಲ್ಲ. ಯಾವಾಗಿನಿಂದ ರೀ? ಟ್ರಂಕು ನನ್ನ ಕೈಗೆ ಬಂದದ್ದು ಅದಕ್ಕೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡಿರಿ. ಆ ದಿನ ತಿಪಟೂರಿನ ಬಸ್ಸನ್ನು ಯಾರನ್ನು ಕೇಳಿ ಹತ್ತಿದಿರೋ, ಆ ಶಿವನಿಗೇ ಗೊತ್ತು. ನಂದೀಶನಿಗೆ ಹೇಳಿಲ್ಲ. ಸರಿಯಾದ ಜೋಡಿ ಹುಡುಕಿ ಅದೇ ಕೆಂಪು ದಾರ ಕಟ್ಟಿದ್ದೇನೆ. ಶನಿವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಶಿವಕುಮಾರೀ, ಈ ದಪ್ಪ ಅಕ್ಷರವೂ ಕಾಣದೆ ನಿನ್ನ ಕೈಲೇ ಓದಿಸುತ್ತಿದ್ದರೆ, ಅಣ್ಣನನ್ನು ಶುಕ್ರವಾರ ಬೆಳಗಿನ ಬಸ್ಸಿಗೆ ಹತ್ತಿಸಿ ನನಗೆ ಫೋನ್ ಮಾಡು. ಮೆಜೆಸ್ಟಿಕ್ಕಿನಲ್ಲಿ ಬೋರ್ಡು ಓದುವ ಕಷ್ಟ ಅವರಿಗೆ ಬೇಡ, ಬಸ್ಸಿನ ಬಾಗಿಲಲ್ಲೇ ನಿಂತಿರುತ್ತೇನೆ. ಜಗಳ ಮನೆಗೆ ಬಂದ ಮೇಲೆ.