ರೇಣುವಿಗೆ ಕಳಿಸಿದ ಹುರುಳಿ

ಪುಣೆ, ಜನವರಿ ೮

ನನ್ನ ರೇಣವ್ವಾ,

ಹೇಗಿದ್ದೀ? ಕೋಲ್ಕತ್ತೆಯ ನೀರು ಮೈಗೆ ಹಿಡಿಸಿತೇ? ಆ ಅನ್ನ-ಮೀನಿನ ಊರಿನಲ್ಲಿ ನಿನಗೆ ರೊಟ್ಟಿ ಯಾರು ಬಡಿಯಬೇಕು ಎಂಬುದು ನಿಮ್ಮವ್ವನ ದಿನದ ಚಿಂತೆ. ಸಂಕ್ರಾಂತಿಗೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದ್ದಾಳೆ. ಈ ಪತ್ರ ಅದರ ಜೊತೆಗೇ ಬರುತ್ತದೆ. ನನ್ನ ಮೊಣಕಾಲು ನೋವು ಹೋದ ವರ್ಷದಷ್ಟೇ ಇದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ.

ಫೋನಿನಲ್ಲಿ ನೀನು ಅತ್ತುಬಿಟ್ಟೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಅಲ್ಲಿ ಸಂಶೋಧನೆ ಮಾಡುವ, ಸಕ್ಕರೆ ಹಿಡಿಯುವ ಪ್ರೋಟೀನುಗಳ ವಿಷಯ ನನಗೆ ತಿಳಿದದ್ದು ಇಷ್ಟು: ಗೋಡೆಯ ಹಾವಸೆಯಿಂದ ಹಿಡಿದು ಗೋಧಿ, ಬೆಳ್ಳುಳ್ಳಿ, ಹಲಸಿನವರೆಗೆ ನೆಲದ ಗಿಡಗಳಲ್ಲೆಲ್ಲ ಅವು ಇವೆ, ಆದರೆ ಅವುಗಳ ಮನೆತನ ಬೇರೆ ಬೇರೆ. ಕೆಲವು ಮನೆತನ ಎಲ್ಲ ಕಡೆ, ಕೆಲವು ಒಂದೆರಡು ಗಿಡದ ಕುಲದಲ್ಲಿ ಮಾತ್ರ. ಇದನ್ನು ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಅಂಗಡಿ ಇಟ್ಟವನಿಗೆ ಹೇಳಿಕೊಡಬೇಕೇ? ಉಪ್ಪು ಎಲ್ಲ ಅಂಗಡಿಯಲ್ಲಿ ಸಿಗುತ್ತದೆ, ಕೇಸರಿ ಬೇಕೆಂದರೆ ನಾಲ್ಕು ಓಣಿ ಸುತ್ತಬೇಕು. ಕಾಳಿನ ಮನೆತನದ ಪ್ರೋಟೀನು ಕಾಳಿನಲ್ಲೇ ಹೆಚ್ಚು ಎಂದು ನೀನು ನಮ್ಮೂರ ಹುರುಳಿ ಕೇಳಿದೆ. ಶಂಕ್ರೆಪ್ಪ ಕಾಕಾ ನಮ್ಮೂರು ಇಂಡಿಯಿಂದ ಚೀಲ ತಂದ, ನಿಮ್ಮವ್ವ ತಾನೇ ಗಂಟು ಕಟ್ಟಿ ಕಳಿಸಿದಳು. ಆ ಪ್ರೋಟೀನು ಇದ್ದರೆ ಕಾಳಿನ ರಸ ಹಾಕಿದಾಗ ರಕ್ತದ ಹನಿ ಗಂಟುಗಟ್ಟಬೇಕಿತ್ತು, ಕಟ್ಟಲಿಲ್ಲ. ನಮ್ಮೂರ ತಳಿಯಲ್ಲಿ ಆ ಪ್ರೋಟೀನೇ ಇಲ್ಲವೆಂದು ನೀನು ಬರೆದುಕೊಟ್ಟೆ. ನಿಮ್ಮ ಸರ್ ನಂಬಲಿಲ್ಲ, ನಿನ್ನ ಕೈಯೇ ಸರಿಯಿಲ್ಲ ಎಂದರು. ಈಗ ನೀನು, “ಸಾಕಪ್ಪಾ, ಎಲ್ಲಾ ಬಿಟ್ಟು ಬಂದು ಅಂಗಡ್ಯಾಗ ಕೂಡ್ತೀನಿ” ಅನ್ನುತ್ತೀ.

ಕೂಡು, ಬೇಡ ಅನ್ನುವುದಿಲ್ಲ. ಆದರೆ ಒಂದು ಚೀಲ ಮಾಲು ಕೈಕೊಟ್ಟಿತೆಂದು ಅಂಗಡಿಗೆ ಬೀಗ ಹಾಕಿದವರನ್ನು ನಾನು ಕಂಡಿಲ್ಲ. ದೌಂಡ ಸ್ಟೇಷನ್ನಿನಲ್ಲಿ ಮೂಟೆ ಹೊರುವಾಗ ನನ್ನ ಕೈಗುಣ ಸರಿಯಿಲ್ಲ ಅಂದವರು ಭಾಳ ಮಂದಿ. ಅವರಲ್ಲಿ ಕೆಲವರು ಇವತ್ತು ನನ್ನ ಗಿರಾಕಿಗಳು. ಮೊದಲು ಕಾಳಿನ ಮೇಲೆ ಸಂಶಯಪಡು, ಕೈ ಮೇಲೆ ಆಮೇಲೆ. ನನಗೂ ಆ ಕಾಳು ಯಾಕೋ ಸರಿಕಾಣುತ್ತಿಲ್ಲ. ನಿನಗೆ ಕಳಿಸಿ ಡಬ್ಬಿಯಲ್ಲಿ ಉಳಿದದ್ದನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟೆ, ಒಂದೂ ಮೊಳಕೆ ಒಡೆದಿಲ್ಲ. ಪುಣೆಯ ಚಳಿಯೂ ಹಾಗೇ ಇದೆ, ಬಿಡು.

ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಕಾಡಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿಮ್ಮವ್ವನಿಗೆ ಓದಿ ಹೇಳಿದೆ. ಮೊಳಕೆಯ ಮಾತಿಗೆ ಬಂದಾಗ ನಕ್ಕುಬಿಟ್ಟಳು: “ಹುರಿದ ಕಾಳು ಮೊಳಕಿ ಹೆಂಗ ಒಡದಾವ್ರೀ?” ಹಾದಿಯಲ್ಲಿ ಹುಳ ಬೀಳಬಾರದೆಂದು ಚೆನ್ನಾಗಿ ಹುರಿದೇ ಕಳಿಸಿದ್ದಾಳೆ! ದೂರ ಕಳಿಸುವ ಕಾಳನ್ನು ಹುರಿಯದೆ ಅವಳ ಮನೆತನದಲ್ಲಿ ಯಾರೂ ಗಂಟು ಕಟ್ಟಿಲ್ಲವಂತೆ. ಹುರುಳಿ ಮೊದಲೇ ಕೆಂಪು, ನಿನಗೂ ತಿಳಿಯಲಿಲ್ಲ, ಕಾಳಿನಲ್ಲೇ ಮುದುಕನಾದ ನನಗೂ ತಿಳಿಯಲಿಲ್ಲ. ಬೆಂಕಿ ಕಂಡರೆ ಆ ಪ್ರೋಟೀನು ಸತ್ತುಹೋಗುತ್ತದೆ ಎಂದು ನೀನೇ ಹೇಳಿದ್ದೆಯಲ್ಲ. ತಳಿಯದೂ ತಪ್ಪಲ್ಲ, ನಿನ್ನ ಕೈಯದೂ ಅಲ್ಲ. ಅದೇ ಚೀಲದ ಹುರಿಯದ ಹುರುಳಿ ರೊಟ್ಟಿಯ ಕೆಳಗೆ ಇಟ್ಟಿದ್ದೇನೆ, ಮತ್ತೊಮ್ಮೆ ಮಾಡಿ ನೋಡು. ನಕ್ಕವಳು ಸಂಗತಿ ತಿಳಿದಾಗಿನಿಂದ ಒಲೆಯ ಮುಂದೆ ಕೂತು ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ಫೋನ್ ಮಾಡಿದಾಗ ಮೊದಲು ರೊಟ್ಟಿಯ ಮಾತಾಡು, ಹುರುಳಿಯದು ಆಮೇಲೆ.